ನೀರು ಇಳಿಯದ ಪಾಯಿಖಾನೆ: ದಂಪತಿಗಳು ಕೂಡಿ ತಿಳಿಯಬೇಕಾದ ವಿಷಯ

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಗರ್ಭಿಣಿಯ ಆರೈಕೆ, ಶಿಶುವಿಗೆ ಚುಚ್ಚುಮದ್ದು, ಎರಡು ಹೆರಿಗೆಗಳ ನಡುವಿನ ಅಂತರ ಮೊದಲಾದ ವಿಷಯಗಳು ಬರುವುದು ವಾಡಿಕೆ. ಪಾಯಿಖಾನೆಯಲ್ಲಿ ಹೊಯ್ದ ನೀರು ಇಳಿಯದಿದ್ದರೆ ಏನು ಮಾಡಬೇಕೆಂಬುದು ಗಾರೆ ಕೆಲಸದವರ ಮಾತಲ್ಲವೇ, ಅದಕ್ಕೂ ವೈದ್ಯರಿಗೂ ಏನು ಸಂಬಂಧ ಎಂದು ಓದುಗರಿಗೆ ತೋರಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಹಾಗೆಯೇ ತೋರಿತ್ತು.

ಒಂದು ಪುನರ್ವಸು ಮಳೆಯ ದಿನ, ಎಡಕುಮೇರಿಯ ಕಡೆಯ ಘಟ್ಟದಂಚಿನಿಂದ ಏಳು ತಿಂಗಳ ಗರ್ಭಿಣಿಯೊಬ್ಬರನ್ನು ಅವರ ಪತಿ ಆಸ್ಪತ್ರೆಗೆ ಕರೆತಂದರು. ಚಳಿಜ್ವರ, ಸೊಂಟದ ಮೇಲ್ಭಾಗದಲ್ಲಿ ನೋವು, ಮೂತ್ರ ಮಾಡುವಾಗ ಉರಿ. ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿತ್ತು. ಗರ್ಭಿಣಿಯರಲ್ಲಿ ಇದು ಅವಧಿಗೆ ಮುಂಚೆಯೇ ಹೆರಿಗೆ ನೋವನ್ನು ಬರಿಸಬಲ್ಲ ಕಾಯಿಲೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಮ್ಮ ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಜೆ ಮೇಲೆ ಕುಡಿಯಲ್ಲ ಡಾಕ್ಟ್ರೇ. ಕುಡಿದ್ರೆ ರಾತ್ರಿ ತೋಟಕ್ಕೆ ಹೋಗ್ಬೇಕಾಗ್ತದಲ್ಲ” ಎಂದರು. ಮನೆಯಲ್ಲಿ ಪಾಯಿಖಾನೆ ಇಲ್ಲವೇ ಎಂದರೆ, ಇದೆ, ಆದರೆ ಹದಿನೈದು ದಿನಗಳಿಂದ ನೀರು ಇಳಿಯುತ್ತಿಲ್ಲ ಎಂಬ ಉತ್ತರ ಬಂತು. “ಪ್ರತಿ ಮಳೆಗಾಲ ಇದೇ ಕಥೆ ಡಾಕ್ಟ್ರೇ, ಮಳೆ ಬಿಟ್ಟ ಮೇಲೆ ತಾನೇ ಸರಿಹೋಗ್ತದೆ” ಎಂದು ಪತಿ ಸೇರಿಸಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಘಟ್ಟದಲ್ಲಿ ಮಳೆ ಬಿಡುವುದು ಸೆಪ್ಟೆಂಬರ್ ತಿಂಗಳಲ್ಲಿ. ಹೆರಿಗೆಯ ದಿನವೂ ಅದೇ ಹೊತ್ತಿಗೆ ಇತ್ತು.

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ರಾತ್ರಿ ಕಾಫಿ ತೋಟಕ್ಕೆ ಹೋಗುವುದೆಂದರೆ ಏನೆಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ಇಂಬಳ, ಜಾರುವ ಧರೆ, ಹಾವು, ಎಲ್ಲಕ್ಕಿಂತ ಹೆಚ್ಚಾಗಿ ಆನೆ. ಆದ್ದರಿಂದ ಹೆಂಗಸರು ಕತ್ತಲಾದ ಮೇಲೆ ಮಲಮೂತ್ರಗಳನ್ನು ತಡೆಹಿಡಿಯುತ್ತಾರೆ. ಕಬ್ಬಿಣಾಂಶದ ಮಾತ್ರೆ ಸೇವಿಸುವ ಗರ್ಭಿಣಿಯರಲ್ಲಿ ಮಲಬದ್ಧತೆ ಮೊದಲೇ ಸಾಮಾನ್ಯ. ತಡೆಹಿಡಿದರೆ ಅದು ಇನ್ನೂ ಹೆಚ್ಚುತ್ತದೆ. ಕೊನೆಗೆ ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ, ರಕ್ತಹೀನತೆ ಉಳಿಯುತ್ತದೆ. ಇದಲ್ಲದೆ, ತೋಟದ ನೆರಳಿನ ತೇವದ ಮಣ್ಣು ಕೊಕ್ಕೆಹುಳುವಿನ ಮರಿಗಳಿಗೆ ಬಲು ಅನುಕೂಲವಾದ ನೆಲೆ. ಬಯಲಿನಲ್ಲಿ ಬಿದ್ದ ಮಲದಿಂದ ಹೊರಟ ಈ ಮರಿಗಳು ಬರಿಗಾಲಿನ ಬೆರಳ ಸಂದಿಯಿಂದ ಚರ್ಮವನ್ನು ಕೊರೆದು ದೇಹವನ್ನು ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಒಂದು ಮನೆಯ ಪಾಯಿಖಾನೆ ಕೆಟ್ಟು ಆ ಮನೆಯವರು ಮೂರು ತಿಂಗಳು ತೋಟಕ್ಕೆ ಹೋದರೆಂದರೆ, ಅದೇ ತೋಟದಲ್ಲಿ ಕೆಲಸ ಮಾಡುವ ಎಲ್ಲರ ಕಾಲಿಗೂ ಅದು ತಗಲುತ್ತದೆ.

ಆ ತಾಯಿಗೆ ಔಷಧ ಕೊಟ್ಟೆವು, ಜ್ವರ ಇಳಿಯಿತು. ಆದರೆ ಕಾಯಿಲೆಯ ಮೂಲ ಅವರ ಮನೆಯ ಹಿಂದಿನ ಗುಂಡಿಯಲ್ಲಿತ್ತು.

ಪಾಯಿಖಾನೆ ಕೆಲಸ ಮಾಡುವ ಬಗೆ

ಹಳ್ಳಿಗಳಲ್ಲಿ ಇಂದು ಹೆಚ್ಚಾಗಿರುವುದು ಕೈಯಿಂದ ನೀರು ಹೊಯ್ಯುವ, ಇಂಗುಗುಂಡಿಯ ಪಾಯಿಖಾನೆ. 1999ರ ಸಂಪೂರ್ಣ ಸ್ವಚ್ಛತಾ ಆಂದೋಲನದಲ್ಲಿಯೂ, 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿಯೂ ಕಟ್ಟಿಸಿದವುಗಳಲ್ಲಿ ಬಹುಪಾಲು ಇದೇ ಬಗೆಯವು. ಇದರ ಬೇಸಿನ್ನಿನ ಕೆಳಗೆ ಹಂಸದ ಕತ್ತಿನಂತೆ ಬಾಗಿದ ಒಂದು ಕೊಳವೆ ಇರುತ್ತದೆ. ಇದಕ್ಕೆ ಟ್ರ್ಯಾಪ್ ಎಂದು ಹೆಸರು. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು, ಗುಂಡಿಯ ದುರ್ವಾಸನೆಯನ್ನೂ ನೊಣಗಳನ್ನೂ ಮೇಲಕ್ಕೆ ಬಿಡದಂತೆ ಮುಚ್ಚಳದ ಕೆಲಸ ಮಾಡುತ್ತದೆ. ಟ್ರ್ಯಾಪಿನಿಂದ ಹೊರಟ ಪೈಪು ಒಂದು ಚಿಕ್ಕ ಚೇಂಬರನ್ನು ಸೇರುತ್ತದೆ. ಚೇಂಬರಿನಿಂದ ಎರಡು ಗುಂಡಿಗಳಿಗೆ ಎರಡು ದಾರಿ. ಗುಂಡಿಯ ಗೋಡೆಯಲ್ಲಿ ಬಿಟ್ಟಿರುವ ಕಿಂಡಿಗಳ ಮೂಲಕ ನೀರು ಸುತ್ತಲಿನ ಮಣ್ಣಿಗೆ ಇಂಗಿ, ಘನಪದಾರ್ಥ ಒಳಗೇ ಉಳಿದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ.

ಹೀಗಾಗಿ ಹೊಯ್ದ ನೀರು ನಾಲ್ಕು ಮೆಟ್ಟಿಲುಗಳನ್ನು ದಾಟಬೇಕು: ಟ್ರ್ಯಾಪ್, ಪೈಪು, ಗುಂಡಿ, ಮಣ್ಣು. ನಾಲ್ಕರಲ್ಲಿ ಯಾವುದು ತಡೆದರೂ ನಮಗೆ ಕಾಣುವುದು ಒಂದೇ ಲಕ್ಷಣ, ಬೇಸಿನ್ನಿನಲ್ಲಿ ನೀರು ನಿಲ್ಲುವುದು. ತಲೆನೋವೆಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯನಂತೆ, ನೀರು ನಿಂತಿತೆಂದೊಡನೆ ಕೋಲು ಹಾಕಿ ಕುಟ್ಟುವುದೂ ಆಸಿಡ್ ಸುರಿಯುವುದೂ ಸರಿಯಲ್ಲ. ಇದನ್ನು ನಾನು ಉಪದೇಶಕ್ಕಾಗಿ ಹೇಳುತ್ತಿಲ್ಲ. ನಾನು ವಾಸವಿದ್ದ ಒಂದು ಮನೆಯಲ್ಲಿ ಮೊದಲ ಮಳೆಗಾಲ ಹೀಗೇ ಆದಾಗ, ಅಂಗಡಿಯಿಂದ ಎರಡು ಸೀಸೆ ಆಸಿಡ್ ತಂದು ಸುರಿದು ಕಾದುಕುಳಿತಿದ್ದೆ. ನೀರು ಇಳಿಯಲಿಲ್ಲ. ಕೆಮ್ಮಿ ಕಣ್ಣೀರು ಸುರಿಸಿದ್ದಷ್ಟೇ ಲಾಭ.

ರೋಗದ ಚರಿತ್ರೆ

ವೈದ್ಯನು ಮುಟ್ಟಿ ನೋಡುವ ಮೊದಲು ಕೇಳುತ್ತಾನೆ: ಯಾವಾಗಿನಿಂದ, ಒಮ್ಮೆಲೇ ಬಂತೇ, ನಿಧಾನವಾಗಿ ಬಂತೇ, ಯಾವಾಗ ಹೆಚ್ಚು? ಪಾಯಿಖಾನೆಯ ವಿಷಯದಲ್ಲಿಯೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಆದರೆ ಇಲ್ಲೊಂದು ವಿಶೇಷವನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಉತ್ತರದ ಅರ್ಧಭಾಗ ಹೆಂಡತಿಯ ಬಳಿ ಇರುತ್ತದೆ, ಇನ್ನರ್ಧ ಗಂಡನ ಬಳಿ. ನೀರು ತುಂಬಿಟ್ಟು ತೊಳೆಯುವವಳು ಆಕೆಯಾದ್ದರಿಂದ, ಎರಡು ಚೊಂಬಿಗೆ ಇಳಿಯುತ್ತಿದ್ದುದು ಎಂದಿನಿಂದ ಅರ್ಧ ಬಕೆಟ್ಟಿಗೂ ಇಳಿಯದಾಯಿತು, ಮಗು ಏನನ್ನಾದರೂ ಒಳಗೆ ಹಾಕಿತೇ ಎಂಬುದು ಆಕೆಗೆ ಗೊತ್ತು. ಕಟ್ಟಿಸುವಾಗ ನಿಂತು ನೋಡಿದವನು ಗಂಡನಾದ್ದರಿಂದ, ಗುಂಡಿ ಎಲ್ಲಿದೆ, ಎಷ್ಟು ಆಳ, ಒಂದೇ ಇದೆಯೇ ಎರಡಿವೆಯೇ, ಪೈಪು ಯಾವ ದಿಕ್ಕಿಗೆ ಹೋಗಿದೆ ಎಂಬುದು ಅವನಿಗೆ ಗೊತ್ತು. ಇಬ್ಬರೂ ಈ ವಿಷಯವನ್ನು ಒಬ್ಬರೊಡನೊಬ್ಬರು ಮಾತನಾಡುವುದು ಅಪರೂಪ. ನಾಚಿಕೆ ಒಂದು ಕಾರಣ, ಇದು ಹೆಂಗಸರ ಕೆಲಸವೆಂಬ ಭಾವನೆ ಇನ್ನೊಂದು. ಆದುದರಿಂದ ಮೊದಲು ಇಬ್ಬರೂ ಕುಳಿತು ಈ ಚರಿತ್ರೆಯನ್ನು ಕೂಡಿಸಿಕೊಳ್ಳಬೇಕು.

ಒಮ್ಮೆಲೇ, ಒಂದೇ ದಿನದಲ್ಲಿ ನಿಂತಿತೆಂದರೆ ಏನೋ ಸಿಕ್ಕಿಕೊಂಡಿದೆಯೆಂದು ತಿಳಿಯಬೇಕು: ಬಟ್ಟೆ, ಮುಟ್ಟಿನ ಪ್ಯಾಡು, ಮಗುವಿನ ಡೈಪರು, ಸೋಪಿನ ತುಂಡು, ತೆಂಗಿನ ನಾರು, ಗುಟ್ಕಾ ಚೀಟಿ. ವಾರಗಳ ಕಾಲ ಕ್ರಮೇಣ ನಿಧಾನವಾಯಿತೆಂದರೆ ಪೈಪಿನಲ್ಲಿ ಮಲ ಕಟ್ಟಿಕೊಂಡಿದೆ ಅಥವಾ ಗುಂಡಿ ತುಂಬುತ್ತಿದೆ. ಮದುವೆ, ನಾಮಕರಣಗಳಿಗೆ ನೆಂಟರು ತುಂಬಿದ ನಂತರ ಆರಂಭವಾಯಿತೆಂದರೆ ಗುಂಡಿಯನ್ನೇ ಸಂಶಯಿಸಬೇಕು. ಮಳೆಗಾಲದಲ್ಲಿ ಮಾತ್ರ ಕೆಟ್ಟು ಬೇಸಿಗೆಯಲ್ಲಿ ಸರಿಯಿದ್ದರೆ ದೋಷವಿರುವುದು ಪೈಪಿನಲ್ಲಿ ಅಲ್ಲ, ಮಣ್ಣಿನಲ್ಲಿ.

ಬೇಸಿಗೆಯ ಕೊನೆಯಲ್ಲಿ ಕೆಡುವ ಇನ್ನೊಂದು ಬಗೆಯುಂಟು. ಏಪ್ರಿಲ್, ಮೇ ತಿಂಗಳಲ್ಲಿ ಮಲೆನಾಡಿನಲ್ಲಿಯೂ ಅಬ್ಬಿ ನೀರು ಸಣ್ಣಗಾಗುತ್ತದೆ. ನೀರು ಉಳಿಸಲೆಂದು ಒಂದೇ ಚೊಂಬು ಹೊಯ್ಯುತ್ತಾರೆ. ಮಲ ಬೇಸಿನ್ನನ್ನು ದಾಟಿದರೂ ಪೈಪನ್ನು ದಾಟದೆ ಅಲ್ಲೇ ಒಣಗಿ, ಪದರದ ಮೇಲೆ ಪದರ ಕಟ್ಟುತ್ತದೆ. ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಈ ತಿಂಗಳುಗಳಲ್ಲಿ ಹೊಯ್ಯಲು ಸಾಕಾಗುತ್ತದೆ. ಮುಚ್ಚಳವಿಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆಂಬುದನ್ನು ಮರೆಯಬಾರದು.

ಮೂರು ಪರೀಕ್ಷೆಗಳು

ಮೊದಲನೆಯದು ಬಕೆಟ್ಟಿನ ಪರೀಕ್ಷೆ. ಅರ್ಧ ಬಕೆಟ್ಟು ನೀರನ್ನು ಸೊಂಟದ ಎತ್ತರದಿಂದ ಒಮ್ಮೆಲೇ ಹೊಯ್ದು ನೋಡಬೇಕು. ನೀರು ತಟ್ಟನೆ ಹೋಗಿ ಮಲ ಮಾತ್ರ ಉಳಿದರೆ ತಡೆಯೇನೂ ಇಲ್ಲ. ಹೊಯ್ಯುವ ನೀರು ಕಡಿಮೆ ಅಥವಾ ಹೊಯ್ಯುವ ರೀತಿ ತಪ್ಪು. ಗ್ರಾಮೀಣ ಬೇಸಿನ್ ಕಡಿದಾದ ಇಳಿಜಾರಿನದು. ಅದರ ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಮುಚ್ಚಳ 20 ಮಿ.ಮೀ. ಮಾತ್ರ, ಆದ್ದರಿಂದ ಒಂದೂವರೆಯಿಂದ ಎರಡು ಲೀಟರು ಸಾಕು. ಅಂದವಾಗಿದೆಯೆಂದು ಪೇಟೆಯ ಚಪ್ಪಟೆ ಬೇಸಿನ್ನನ್ನು ತಂದು ಕೂರಿಸಿದವರಿಗೆ ಅದರ ಐದಾರು ಪಟ್ಟು ನೀರು ಬೇಕಾಗುತ್ತದೆ, ಚೊಂಬಿನ ಲೆಕ್ಕ ಅಲ್ಲಿ ನಡೆಯದು. ಕುಳಿತುಕೊಳ್ಳುವ ಮೊದಲು ಒಂದು ಲೋಟ ನೀರಿನಿಂದ ಬೇಸಿನ್ನನ್ನು ಒದ್ದೆ ಮಾಡಿದರೆ ಮಲ ಅಂಟುವುದಿಲ್ಲ, ಮುಗಿದ ಮೇಲೆ ಅರ್ಧದಷ್ಟು ಶ್ರಮ ಉಳಿಯುತ್ತದೆ. ಇದನ್ನು ಮಕ್ಕಳಿಗೂ ಕಲಿಸಬೇಕು.

ಫ್ಲಶ್ ಟ್ಯಾಂಕ್ ಇರುವ ಮನೆಯವರಿಗೂ ಇದೇ ಪರೀಕ್ಷೆ. ಬಕೆಟ್ಟಿನಿಂದ ಹೊಯ್ದಾಗ ಸರಾಗವಾಗಿ ಹೋಗಿ, ಗುಂಡಿ ಒತ್ತಿದಾಗ ಮಾತ್ರ ಹೋಗದಿದ್ದರೆ ದೋಷ ಟ್ಯಾಂಕಿನದು. ಮುಚ್ಚಳ ತೆಗೆದು ನೋಡಿದರೆ ತೇಲುವ ಚೆಂಡು ಮೇಲೆ ಸಿಕ್ಕಿಕೊಂಡು ನೀರು ಅರ್ಧವೇ ತುಂಬುತ್ತಿರುತ್ತದೆ, ಇಲ್ಲವೆ ತಳದ ರಬ್ಬರು ಸವೆದು ನೀರು ಸದಾ ಸೋರುತ್ತಿರುತ್ತದೆ. ಎರಡೂ ಅಂಗಡಿಯಲ್ಲಿ ಸಿಗುವ ಸಣ್ಣ ಸಾಮಾನುಗಳು.

ಎರಡನೆಯದು ಚೇಂಬರಿನ ಪರೀಕ್ಷೆ. ನನ್ನ ಅಭಿಪ್ರಾಯದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದುದು, ಆದರೂ ಇದನ್ನು ಮಾಡುವವರು ತೀರ ವಿರಳ. ಮಕ್ಕಳನ್ನು ದೂರ ಕಳುಹಿಸಿ, ಬೀಡಿ ಬೆಂಕಿಕಡ್ಡಿಗಳನ್ನು ಹತ್ತಿರ ತರದೆ, ಚೇಂಬರಿನ ಹಾಸನ್ನು ಹಾರೆಯಿಂದ ಎತ್ತಿ ಪಕ್ಕಕ್ಕೆ ಸರಿಸಿ, ಕೆಲವು ನಿಮಿಷ ದೂರ ನಿಲ್ಲಬೇಕು. ಗಾಳಿಯಾಡಿದ ಮೇಲೆ ನೋಡಬೇಕು. ಮೇಲೆ ಬೇಸಿನ್ನಿನಲ್ಲಿ ನೀರು ನಿಂತಿದ್ದು ಚೇಂಬರು ಒಣಗಿದ್ದರೆ, ತಡೆಯಿರುವುದು ಇವೆರಡರ ನಡುವೆ, ಎಂದರೆ ಟ್ರ್ಯಾಪಿನಲ್ಲಿ ಅಥವಾ ಮೊದಲ ಪೈಪಿನಲ್ಲಿ. ಚೇಂಬರೂ ತುಂಬಿ ನಿಂತಿದ್ದರೆ ಬೇಸಿನ್ನನ್ನು ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ. ದೋಷ ಗುಂಡಿಯ ಕಡೆಯದು.

ಮೂರನೆಯದು ಸಮಯದ ಪರೀಕ್ಷೆ. ರಾತ್ರಿ ಯಾರೂ ಉಪಯೋಗಿಸದೆ ಬಿಟ್ಟು, ಬೆಳಿಗ್ಗೆ ಚೇಂಬರಿನಲ್ಲಿ ನೀರು ಇಳಿದಿದ್ದರೆ ಮಣ್ಣು ನಿಧಾನವಾಗಿಯಾದರೂ ಹೀರುತ್ತಿದೆ ಎಂದರ್ಥ. ಯಾರೂ ನೀರು ಹೊಯ್ಯದಿದ್ದರೂ ಏರಿದ್ದರೆ, ಹೊರಗಿನ ನೀರು ಗುಂಡಿಗೆ ಬರುತ್ತಿದೆ.

ಟ್ರ್ಯಾಪು ಅಥವಾ ಪೈಪು ಕಟ್ಟಿದ್ದರೆ

ಕೈಗೆ ದಪ್ಪ ಪ್ಲಾಸ್ಟಿಕ್ ಚೀಲವನ್ನೋ ರಬ್ಬರ್ ಗವುಸನ್ನೋ ಕಟ್ಟಿಕೊಂಡು, ಕೈಗೆ ಸಿಗುವಷ್ಟು ದೂರದಲ್ಲಿ ವಸ್ತುವಿದ್ದರೆ ಹೊರತೆಗೆಯಬೇಕು. ಒಳಕ್ಕೆ ನೂಕಬಾರದು, ನೂಕಿದ ಬಟ್ಟೆ ಪೈಪಿನ ತಿರುವಿನಲ್ಲಿ ಕುಳಿತರೆ ನೆಲ ಅಗೆಯಬೇಕಾದೀತು. ಕೈಗೆ ಸಿಗದಿದ್ದರೆ ಒಂದು ಕೋಲಿನ ತುದಿಗೆ ಹಳೆಯ ಬಟ್ಟೆಯನ್ನು ಟ್ರ್ಯಾಪಿನ ಬಾಯಿ ತುಂಬುವಷ್ಟು ದಪ್ಪವಾಗಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಗಿಯಾಗಿ ಕಟ್ಟಬೇಕು. ಬೇಸಿನ್ನಿನಲ್ಲಿ ನೀರು ಇರುವಂತೆಯೇ, ಸೈಕಲ್ಲಿಗೆ ಗಾಳಿ ಹೊಡೆಯುವಂತೆ ಹದಿನೈದು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಬೇಕು. ಒತ್ತುವುದಕ್ಕಿಂತ ಮೇಲೆಳೆಯುವ ಸೆಳೆತವೇ ತಡೆಯನ್ನು ಸಡಿಲಗೊಳಿಸುತ್ತದೆ. ಅಂಗಡಿಯಲ್ಲಿ ಇದೇ ಕೆಲಸಕ್ಕೆ ರಬ್ಬರಿನ ಬಟ್ಟಲು ಸಿಗುತ್ತದೆ.

ಪೈಪಿನಲ್ಲಿರುವ ತಡೆಗೆ ಚೇಂಬರಿನ ಕಡೆಯಿಂದ ಹಸಿ ಬಿದಿರಿನ ಉದ್ದನೆಯ ಸೀಳನ್ನು, ತುದಿಯನ್ನು ನುಣುಪುಗೊಳಿಸಿ, ಹಿಮ್ಮುಖವಾಗಿ ತೂರಿಸಬೇಕು. ಬಿದಿರು ಬಾಗುತ್ತದೆ, ಪೈಪನ್ನು ಒಡೆಯುವುದಿಲ್ಲ. ಕಬ್ಬಿಣದ ಸಲಾಕೆ ಹಾಕುವವರು ಟ್ರ್ಯಾಪಿನ ಪಿಂಗಾಣಿಯನ್ನು ಸೀಳಿಬಿಡುತ್ತಾರೆ. ಆಗ ನೀರೇನೋ ಇಳಿಯುತ್ತದೆ, ಆದರೆ ನೀರಿನ ಮುಚ್ಚಳವೇ ಹೋಗಿ ಅಂದಿನಿಂದ ಮನೆ ನಾರುತ್ತದೆ. ಕುದಿಯುವ ನೀರೂ ಪಿಂಗಾಣಿಯನ್ನು ಬಿರುಕುಗೊಳಿಸಬಲ್ಲದು. ಹಂಡೆಯ ಬೆಚ್ಚಗಿನ ನೀರು ಸಾಕು. ವರ್ಷಕ್ಕೆ ಮೂರು ನಾಲ್ಕು ಬಾರಿ ಪೈಪು ಕಟ್ಟಿದರೆ ಇಳಿಜಾರು ಸಾಲದೆಂದು ತಿಳಿದು, ಒಂದು ಮೀಟರು ಉದ್ದಕ್ಕೆ ಏಳರಿಂದ ಹತ್ತು ಸೆಂ.ಮೀ. ಇಳಿಯುವಂತೆ ಪೈಪನ್ನು ಮತ್ತೆ ಕೂರಿಸಬೇಕು.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇವೆರಡನ್ನೂ ಕೂಡಿಸಿ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಇದಲ್ಲದೆ, ಗುಂಡಿಯಲ್ಲಿ ಮಲವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳನ್ನು ಇವು ಕೊಲ್ಲುತ್ತವೆ. ಬೇಸಿನ್ ತೊಳೆಯಲು ಸೋಪಿನ ಪುಡಿ ಮತ್ತು ಬ್ರಷ್ಷು ಸಾಕು.

ಗುಂಡಿ ತುಂಬಿದ್ದರೆ

ಐದಾರು ಜನರ ಸಂಸಾರಕ್ಕೆ ಒಂದು ಗುಂಡಿ ಸುಮಾರು ಮೂರು ವರ್ಷ ಬರುವಂತೆ ಅಳತೆಯಿಟ್ಟು ಕಟ್ಟಿಸುತ್ತಾರೆ. ಎರಡು ಗುಂಡಿಗಳ ಉದ್ದೇಶವೆಂದರೆ ಒಂದನ್ನು ಉಪಯೋಗಿಸುವಾಗ ಇನ್ನೊಂದು ಬಿಡುವಾಗಿರಬೇಕು. ತುಂಬಿದ ಗುಂಡಿಯ ದಾರಿಯನ್ನು ಚೇಂಬರಿನಲ್ಲಿ ಇಟ್ಟಿಗೆ ಮತ್ತು ಜೇಡಿಮಣ್ಣಿನಿಂದ ಮುಚ್ಚಿ, ಎರಡನೆಯದರ ದಾರಿಯನ್ನು ತೆರೆಯಬೇಕು. ಕಾಲು ಗಂಟೆಯ ಕೆಲಸ. ಆದರೆ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಮೊದಲ ದಿನದಿಂದಲೇ ಎರಡು ದಾರಿಗಳೂ ತೆರೆದಿದ್ದವು. ಕಟ್ಟಿದವರು ಹೇಳಿರಲಿಲ್ಲ, ಮನೆಯವರು ಕೇಳಿರಲಿಲ್ಲ. ಎರಡೂ ಒಟ್ಟಿಗೆ ತುಂಬಿ ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದ ಪಾಯಿಖಾನೆ ಚೆನ್ನಾಗಿ ನಡೆಯುತ್ತಿರುವಾಗಲೇ ಒಂದು ದಿನ ಚೇಂಬರನ್ನು ತೆರೆದು, ಯಾವ ದಾರಿ ಮುಚ್ಚಿದೆ ಎಂದು ನೋಡಿಡುವುದು ಒಳ್ಳೆಯದು.

ಬಿಡುವಿಗೆ ಬಿಟ್ಟ ಗುಂಡಿಯನ್ನು ಎರಡು ವರ್ಷ ಮುಟ್ಟಬಾರದು. ಜಂತುಹುಳುವಿನ ಮೊಟ್ಟೆಗಳು ಬಹು ಗಟ್ಟಿ, ಬೇಗ ಸಾಯುವುದಿಲ್ಲ. ಎರಡು ವರ್ಷದ ನಂತರ ಬೇಸಿಗೆಯಲ್ಲಿ ತೆಗೆದರೆ ಅದು ವಾಸನೆಯಿಲ್ಲದ ಕಪ್ಪು ಮಣ್ಣಿನಂತಿರುತ್ತದೆ. ಬಾಳೆ, ಅಡಿಕೆ, ಕಾಫಿ ಗಿಡಗಳ ಬುಡಕ್ಕೆ ಹಾಕಬಹುದು. ತೇವವಿದ್ದು ನಾರುತ್ತಿದ್ದರೆ ಇನ್ನೂ ಪಕ್ವವಾಗಿಲ್ಲವೆಂದು ತಿಳಿದು ಮತ್ತೆ ಮುಚ್ಚಬೇಕು.

ಒಂದೇ ಗುಂಡಿ ಇರುವವರು, ಸೆಪ್ಟಿಕ್ ಟ್ಯಾಂಕ್ ಇರುವವರು ತುಂಬಿದಾಗ ಯಂತ್ರದಿಂದಲೇ ಖಾಲಿ ಮಾಡಿಸಬೇಕು. ಇದಕ್ಕಾಗಿ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ಯಾವ ಕಾರಣಕ್ಕೂ, ಎಂತಹ ಅವಸರವಿದ್ದರೂ, ಮನುಷ್ಯರನ್ನು ಒಳಗೆ ಇಳಿಸಬಾರದು, ತಾವೂ ಇಳಿಯಬಾರದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ಹೋಯಿತೆಂದು ಧೈರ್ಯಗೊಂಡವನು ಮರುಕ್ಷಣ ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ಅಣ್ಣ ತಮ್ಮಂದಿರೂ ಬೀಳುತ್ತಾರೆ. ಯಾರಾದರೂ ಬಿದ್ದರೆ ಇಳಿಯದೆ 112ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿಯೇ, ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, ಕ್ರಮ ಕೈಗೊಳ್ಳಲಾಗಿತ್ತು. ಮಲದ ಗುಂಡಿಗೆ ಮನುಷ್ಯನನ್ನು ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ.

ಮಣ್ಣೇ ನೀರು ಹೀರದಿದ್ದರೆ

ಇನ್ನು ಮಲೆನಾಡಿನ ನಿಜವಾದ ತೊಂದರೆಗೆ ಬರೋಣ. ಬಯಲುಸೀಮೆಗಾಗಿ ಬರೆದ ಪುಸ್ತಕಗಳಲ್ಲಿ ಇದರ ಮಾತು ಒಂದೆರಡು ಸಾಲು ಮಾತ್ರ.

ಈ ಘಟ್ಟದ ಮಣ್ಣು ನೀರು ಕುಡಿದಾಗ ಏನಾಗುತ್ತದೆಂಬುದನ್ನು ರೈಲು ಮಾರ್ಗವನ್ನು ನೋಡಿದರೆ ತಿಳಿಯುತ್ತದೆ. ಹಾಸನ ಮಂಗಳೂರು ಮಾರ್ಗ 1979ರಲ್ಲಿ ಪೂರ್ಣಗೊಂಡಂದಿನಿಂದ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುರಂಗ ಸೇತುವೆಗಳ ಭಾಗವನ್ನು ಮಳೆಗಾಲದಲ್ಲಿ ಕಾಯುವುದೇ ಒಂದು ದೊಡ್ಡ ಕೆಲಸ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಭೂಕುಸಿತವಾಗಿ ರೈಲು ಸಂಚಾರವೇ ನಿಂತಿತು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದ ಮೇಲೆ ಅದು ಇನ್ನೊಂದು ಹನಿಯನ್ನೂ ಹಿಡಿಯಲಾರದು. ಹಿರಿಯರು ಇದನ್ನೇ ಜಲ ಏಳುವುದು ಎನ್ನುತ್ತಾರೆ. ಅಂಗಳದಲ್ಲಿ, ಧರೆಯ ಬುಡದಲ್ಲಿ, ಕೆಲವೊಮ್ಮೆ ಅಡಿಗೆಮನೆಯ ನೆಲದಲ್ಲಿಯೂ ಒರತೆ ಒಡೆಯುವ ದಿನಗಳಲ್ಲಿ, ಅದೇ ನೆಲದೊಳಗಿನ ಗುಂಡಿ ಬರಿದಾಗಿರುವುದೆಂತು? ಹೊರಗಿನ ನೀರು ಕಿಂಡಿಗಳಿಂದ ಒಳಗೆ ನುಗ್ಗಿ, ಪೈಪಿನ ಮಟ್ಟಕ್ಕೆ ಏರಿ ನಿಲ್ಲುತ್ತದೆ.

ಇದಕ್ಕೆ ಅಂದಿನಂದೇ ಆಗುವ ಪರಿಹಾರವಿಲ್ಲ. ಆದರೆ ಹೊರೆಯನ್ನು ಕಡಿಮೆ ಮಾಡಬಹುದು. ಬಚ್ಚಲಿನ ನೀರನ್ನೂ ಸೂರಿನ ನೀರನ್ನೂ ಪಾಯಿಖಾನೆಯ ಗುಂಡಿಗೆ ಬಿಟ್ಟಿದ್ದರೆ ಅಂದೇ ತಪ್ಪಿಸಬೇಕು. ಗುಂಡಿಯ ಮೇಲ್ಭಾಗದ ಇಳಿಜಾರಿನಲ್ಲಿ, ತೋಟದಲ್ಲಿ ತೆಗೆಯುವಂತಹ ಬಸಿಗಾಲುವೆಯನ್ನು ತೆಗೆದು, ಇಳಿದುಬರುವ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಎಷ್ಟೋ ಮನೆಗಳಲ್ಲಿ ಇಷ್ಟರಿಂದಲೇ ನಾಲ್ಕೈದು ದಿನಗಳಲ್ಲಿ ನೀರು ಒಂದು ಗೇಣು ಇಳಿಯುತ್ತದೆ.

ಗುಂಡಿಗೆ ತೂತು ಕೊರೆದು ಹಳ್ಳಕ್ಕೆ ಬಿಡುವ ಉಪಾಯವನ್ನು ಮಾತ್ರ ಮಾಡಬಾರದು. ಎಡಕುಮೇರಿಯ ಸುತ್ತಿನ ಹಳ್ಳಗಳು ಗುಂಡ್ಯ ಹೊಳೆಯನ್ನು ಸೇರಿ, ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತವೆ. ಘಟ್ಟದ ಮೂಡಣ ನೀರು ಹೇಮಾವತಿಗೆ ಹೋಗುತ್ತದೆ. ಕೆಳಗಿನ ಮನೆಯವರು ಅದೇ ಹಳ್ಳಕ್ಕೆ ಪೈಪು ಹಾಕಿ ಕುಡಿಯಲು ನೀರು ತಂದಿರುತ್ತಾರೆ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಇಳಿದುಹೋಗುವುದು ಇದೇ ದಾರಿಯಲ್ಲಿ.

ಸ್ಥಿರವಾದ ಪರಿಹಾರವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮಾಡಬೇಕು. ಆಳವಾದ ಗುಂಡಿಯ ಬದಲು ಅಗಲವಾದ, ಆಳ ಕಡಿಮೆಯಿರುವ ಗುಂಡಿ. ಅದರ ಕಟ್ಟಡದ ಮೇಲ್ಭಾಗ ನೆಲಕ್ಕಿಂತ ಒಂದೆರಡು ಅಡಿ ಎತ್ತರಕ್ಕೆ ಬಂದು, ಸುತ್ತ ಮಣ್ಣನ್ನು ದಿಬ್ಬದಂತೆ ಏರಿಸಿ ದಮ್ಮಸ್ಸು ಮಾಡಬೇಕು. ಬೇಸಿನ್ನಿನ ನೆಲವನ್ನೂ ಅದಕ್ಕೆ ತಕ್ಕಂತೆ ಎತ್ತರಿಸದಿದ್ದರೆ ಪೈಪಿಗೆ ಇಳಿಜಾರು ಸಿಗುವುದಿಲ್ಲ; ಖರ್ಚು ಬರುವುದು ಇಲ್ಲಿಯೇ. ಗುಂಡಿಯ ಹೊರಗೋಡೆಯ ಸುತ್ತ ಅರ್ಧ ಮೀಟರು ದಪ್ಪ ಮರಳು ತುಂಬಿದರೆ ಹೊರಹೋಗುವ ನೀರು ಸೋಸುತ್ತದೆ. ಬಾವಿಯಿಂದ ಕನಿಷ್ಠ 10 ಮೀಟರು ದೂರವಿರಬೇಕು. ಜಂಬಿಟ್ಟಿಗೆ ಮತ್ತು ಬಿರುಕು ಬಂಡೆಯ ನೆಲದಲ್ಲಿ ನೀರು ಸೋಸದೆ ಬಲು ದೂರ ಹರಿಯುವುದರಿಂದ ಇನ್ನೂ ಹೆಚ್ಚು, ಬಾವಿಗಿಂತ ಕೆಳಮಟ್ಟದಲ್ಲಿ. ಧರೆಯ ಬುಡದಲ್ಲಿಯಾಗಲಿ ಧರೆಯ ಅಂಚಿನಲ್ಲಿಯಾಗಲಿ ಗುಂಡಿ ತೆಗೆಯಬಾರದು. ಬುಡದಲ್ಲಿ ಜಲ ಏಳುತ್ತದೆ, ಅಂಚಿನಲ್ಲಿ ಧರೆಯೇ ಜರಿಯುತ್ತದೆ. ಜಾಗ ಆರಿಸುವವರು ಆಷಾಢದಲ್ಲಿ ಅಂಗಳದ ಯಾವ ಭಾಗ ಕೊನೆಯವರೆಗೂ ಗಟ್ಟಿಯಾಗಿರುತ್ತದೆಂದು ನೋಡಿಟ್ಟುಕೊಂಡು, ಅಲ್ಲೊಂದು ಗೂಟ ಹೊಡೆದಿಡಬೇಕು. ಬೇಸಿಗೆಯಲ್ಲಿ ಎಲ್ಲ ನೆಲವೂ ಒಂದೇ ತೆರನಾಗಿ ಕಾಣುತ್ತದೆ.

ಆ ನಡುವಿನ ದಿನಗಳು

ಮತ್ತೆ ಆ ದಂಪತಿಗಳ ಮಾತು. ಆರೋಗ್ಯ ಸಹಾಯಕಿಯೊಡನೆ ಅವರ ಮನೆಗೆ ಹೋದಾಗ ಗುಂಡಿಗಳೆರಡೂ ಧರೆಯ ಬುಡದಲ್ಲಿದ್ದವು, ಎರಡು ದಾರಿಗಳೂ ತೆರೆದಿದ್ದವು, ಬಚ್ಚಲಿನ ನೀರೂ ಅಲ್ಲಿಗೇ ಬಿದ್ದಿತ್ತು. ಬಚ್ಚಲ ನೀರನ್ನು ಅಂದೇ ಬಾಳೆಯ ಬುಡಕ್ಕೆ ತಿರುಗಿಸಿದರು. ಆದರೆ ಗರ್ಭಿಣಿ ಸೆಪ್ಟೆಂಬರಿನವರೆಗೆ ಕಾಯುವಂತಿರಲಿಲ್ಲ. ಆದ್ದರಿಂದ ಬಚ್ಚಲುಮನೆಯ ಮೂಲೆಯಲ್ಲಿ, ನಡುವೆ ರಂಧ್ರ ಕೊರೆದ ಒಂದು ಗಟ್ಟಿ ಮಣೆಯ ಸ್ಟೂಲು, ಅದರ ಕೆಳಗೆ ಮುಚ್ಚಳವಿರುವ ಬಕೆಟ್ಟು, ಪಕ್ಕದಲ್ಲಿ ಒಲೆಯ ಬೂದಿಯ ಡಬ್ಬಿ ಇಡುವಂತೆ ಹೇಳಿದೆ. ಉಪಯೋಗಿಸಿದ ಪ್ರತಿ ಸಲವೂ ಎರಡು ಹಿಡಿ ಬೂದಿ ಹಾಕಿ ಮುಚ್ಚಬೇಕು. ಮೂತ್ರಕ್ಕೆ ಬೇರೆ ಪಾತ್ರೆ. ಬೆಳಿಗ್ಗೆ ಅದನ್ನು ಬಾವಿ ಹಳ್ಳಗಳಿಂದ ದೂರ, ಎತ್ತರದ ಜಾಗದಲ್ಲಿ ಮೊಳದುದ್ದ ಆಳ ತೆಗೆದು ಹೂಳಬೇಕು. ಮಗುವಿನ ಮಲವನ್ನೂ ಹೀಗೆಯೇ. ನಂತರ ಸೋಪಿನಿಂದ ಕೈ ತೊಳೆಯಬೇಕು.

ಹೂಳುವವರು ಯಾರು ಎಂಬ ಪ್ರಶ್ನೆ ಬಂತು. ಮನೆಯ ಹಿರಿಯ ತಾಯಿ, ಗಂಡಸರ ಕೈಲಿ ಇದನ್ನೆಲ್ಲ ಮಾಡಿಸುವುದುಂಟೇ ಎಂದು ಅಡ್ಡಿ ತೆಗೆದರು. “ನೀವು ಹಾಸಿಗೆ ಹಿಡಿದಾಗ ನಾನೇ ಮಾಡಿರ್ಲಿಲ್ವೇನವ್ವ?” ಎಂದು ಮಗ ಮೆಲ್ಲಗೆ ಕೇಳಿದರು. ಆಮೇಲೆ ಆ ತಾಯಿ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ರಾತ್ರಿ ನೀರು ಕುಡಿಯಲು ಆಕೆಗೆ ಅಂದಿನಿಂದ ಭಯವಿರಲಿಲ್ಲ. ಸೆಪ್ಟೆಂಬರಿನ ಕೊನೆಯ ವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಅವಧಿ ತುಂಬಿ ಹೆರಿಗೆಯಾಯಿತು. ಫೆಬ್ರುವರಿಯಲ್ಲಿ ಗೂಟ ಹೊಡೆದ ಜಾಗದಲ್ಲಿ ಎತ್ತರದ ಗುಂಡಿ ಕಟ್ಟಿಸಿದರು. ಮರಳು ದುಬಾರಿಯಾಯಿತೆಂದು ಗೊಣಗಿದರೂ ಬಿಡಲಿಲ್ಲ. ಒಂಬತ್ತು ತಿಂಗಳು ತುಂಬಿದ ಮಗುವಿಗೆ ದಡಾರ ರುಬೆಲ್ಲಾ ಚುಚ್ಚುಮದ್ದು ಹಾಕಿಸಲು ಇಬ್ಬರೂ ಬಂದಾಗ ಹೊರಗೆ ಆರಿದ್ರೆ ಮಳೆ ಹೊಯ್ಯುತ್ತಿತ್ತು. ನೀರು ಇಳಿಯುತ್ತಿದೆಯೇ ಎಂದು ಕೇಳಿದೆ. “ಎರಡು ಚೊಂಬಿಗೇ ಹೋಗ್ತದೆ” ಎಂದರು ಹೆಂಡತಿ. ಗಂಡ ಮಾತ್ರ ಕೊಡೆಯ ನೀರು ಕೊಡವುತ್ತ, “ಪುಷ್ಯ ಮಳೆ ಕಳೀಲಿ, ಆಮೇಲೆ ಹೇಳ್ತೀನಿ ಡಾಕ್ಟ್ರೇ” ಎಂದರು.